ಕೋವಿಯಿಂದ ಕುಕ್ಕರ್‌ವರೆಗೆ: ವಿಸ್ಕಾನ್ಸಿನ್‌ನಲ್ಲಿ ನಿಮ್ಮ ಮೊದಲ ಜಿಂಕೆ ಬೇಟೆ

ನವೆಂಬರ್ ಬಂತು ಅಂದರೆ ವಿಸ್ಕಾನ್ಸಿನ್‌ನ ಪೆಟ್ರೋಲ್ ಬಂಕುಗಳಲ್ಲಿ ಬೆಳಗಿನ ಜಾವವೇ ಕಿತ್ತಳೆ ಟೋಪಿಗಳು ಕಾಣತೊಡಗುತ್ತವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕೋವಿ ಬೇಟೆಯ ಒಂಬತ್ತು ದಿನಗಳು ಶುರು. ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ತೆಗೆದುಕೊಂಡು ಕಾಡಿಗೆ, ಹೊಲದ ಅಂಚಿಗೆ ಹೋಗುತ್ತಾರೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ರಜೆ ಹಾಕಿ ಹೋಗುವುದನ್ನು ನೋಡಿ, ನಾನೂ ಒಮ್ಮೆ ಹೋಗಬೇಕು ಅನ್ನಿಸಿದ ಕನ್ನಡಿಗರು ಇಲ್ಲಿ ಹಲವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದು ನಮ್ಮೂರಿನ ಕಾಡಿಗೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಜಿಂಕೆ, ಕಡವೆ ಹೊಡೆಯುವುದು ಜೈಲಿಗೆ ಹೋಗುವ ಅಪರಾಧ. ಅದು ಹಾಗೇ ಇರಬೇಕು. ನಾನು ಕೊಡಗಿನ ಅಂಚಿನ ಊರಿನವನು. ಕೈಲ್ ಪೊಳ್ದ್ ದಿನ ಅಜ್ಜನ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನೋಡಿ ಬೆಳೆದವನು. ಆದರೆ ಆ ಕೋವಿ ನನ್ನ ಕಾಲದಲ್ಲಿ ಒಂದು ಜಿಂಕೆಯ ಮೇಲೂ ಏಳಲಿಲ್ಲ. ಅಮೆರಿಕದ ಲೆಕ್ಕ ಬೇರೆ. 1900ರ ಹೊತ್ತಿಗೆ ಇಲ್ಲಿನ ಬಿಳಿ ಬಾಲದ ಜಿಂಕೆ ಬಹುತೇಕ ಕಡೆ ಮುಗಿದೇ ಹೋಗಿತ್ತು. ಮಾರುಕಟ್ಟೆಗೆಂದು ಬೇಟೆಯಾಡುವುದನ್ನು ನಿಲ್ಲಿಸಿ, ಕಾಲ ಮತ್ತು ಸಂಖ್ಯೆಗೆ ಮಿತಿ ಹಾಕಿದ್ದರಿಂದ ಅದು ವಾಪಸ್ ಬಂತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಾದ ಮೇಲೆ ಹಾಕುವ 11% ತೆರಿಗೆ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ. ಈಗ ಜಿಂಕೆ ಎಷ್ಟು ಜಾಸ್ತಿಯಾಗಿದೆ ಅಂದರೆ, ಹಲವು ಕಡೆ ಕಾಡಿನ ಎಳೆ ಗಿಡಗಳು ಮೇಲೇಳಲು ಬಿಡುವುದಿಲ್ಲ. ತೋಳಗಳು ದಕ್ಷಿಣ ವಿಸ್ಕಾನ್ಸಿನ್‌ನಿಂದ ಹೋಗಿ ಬಹಳ ಕಾಲವಾಯಿತು.

ಈ ಕೆಲಸದಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಗುರಿ ಅಲ್ಲ. ಯಾವಾಗ ಕಾಯಬೇಕು, ಯಾವಾಗ ಕೈ ಚುರುಕು ಮಾಡಬೇಕು ಅನ್ನುವುದು. ಈಡು ಹೊಡೆಯುವವರೆಗೂ, ಹೊಡೆದ ಮೇಲೂ ಕಾಯಬೇಕು. ಜಿಂಕೆ ಸತ್ತಿದೆ ಅಂತ ಖಾತ್ರಿಯಾದ ಗಳಿಗೆಯಿಂದ ಮಾಂಸ ತಣ್ಣಗಾಗುವವರೆಗೆ ಒಂದು ನಿಮಿಷವೂ ಹಾಳು ಮಾಡಬಾರದು. ಹೊಸಬರು ಇದನ್ನೇ ತಿರುವು ಮುರುವು ಮಾಡುತ್ತಾರೆ. ನಾನೂ ಮಾಡಿದ್ದೇನೆ. ಮುಂದೆ ಹೇಳುತ್ತೇನೆ.

ವೀಸಾ, ತರಗತಿ, ಲೈಸೆನ್ಸ್

ನಮ್ಮವರು ಹೆಚ್ಚು ಎಡವುವುದು ಇಲ್ಲಿ. ಎಚ್-1ಬಿ, ಎಫ್-1ನಂಥ ವೀಸಾದ ಮೇಲೆ ಬಂದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ. ಗೆಳೆಯನ ರೈಫಲ್ ಸುಮ್ನೆ ಕೈಗೆ ತೆಗೆದುಕೊಂಡು ಎರಡು ಈಡು ಹೊಡೆಯುವುದೂ ಇದರಲ್ಲಿ ಸೇರುತ್ತದೆ. ಇದಕ್ಕಿರುವ ವಿನಾಯಿತಿಗಳಲ್ಲಿ ನಮಗೆ ಬೇಕಾದದ್ದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕು. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಕೋವಿ ಮುಟ್ಟುವುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಯಾರೇ ಆಗಲಿ, ಅಂಗಡಿಯಲ್ಲಿ ರೈಫಲ್ ಕೊಳ್ಳುವಾಗ 4473 ಎಂಬ ಫಾರಂ ತುಂಬಬೇಕು. ಅದರಲ್ಲಿ ಬರೆಯುವ ಸುಳ್ಳೊಂದು ನಿಮ್ಮ ವೀಸಾವನ್ನೇ ಮುಳುಗಿಸಬಹುದು. ಒಂದಿಷ್ಟು ಅನುಮಾನ ಇದ್ದರೂ ವಲಸೆ ವಕೀಲರನ್ನು ಕೇಳಿ. ಆ ಶುಲ್ಕ ದಂಡ ಅಲ್ಲ.

1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಬೇಟೆ ಸುರಕ್ಷತಾ ತರಗತಿ ಮುಗಿಸಲೇಬೇಕು. ಹತ್ತು-ಹನ್ನೆರಡು ವರ್ಷದ ಮಕ್ಕಳ ಜೊತೆ ಕೂರಬೇಕಾಗಬಹುದು. ಕೂರಿ. ಬಹಳ ಒಳ್ಳೆಯ ತರಗತಿ ಅದು. ಅಲ್ಲಿ ಕಲಿಸುವ ನಾಲ್ಕು ಸೂತ್ರಗಳು ನಿದ್ದೆಯಲ್ಲೂ ಬಾಯಿಗೆ ಬರಬೇಕು. ಪ್ರತಿ ಕೋವಿಯಲ್ಲೂ ತೋಟಾ ಇದೆ ಅಂತಲೇ ನಡೆದುಕೊಳ್ಳಿ. ಕೊಳವೆಯ ಬಾಯಿ ಸದಾ ಅಪಾಯವಿಲ್ಲದ ದಿಕ್ಕಿಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅನ್ನುವುದು ಖಚಿತವಾಗಿ ಗೊತ್ತಿರಲಿ. ಹೊಡೆಯುವ ಗಳಿಗೆಯವರೆಗೂ ಬೆರಳು ಟ್ರಿಗರ್‌ನ ಬಳೆಯ ಹೊರಗಿರಲಿ.

ಲೈಸೆನ್ಸ್ ಅನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಗೋ ವೈಲ್ಡ್ ತಾಣದಲ್ಲಿ ಕೊಳ್ಳಬಹುದು. ಯಾವ ಕೌಂಟಿಯಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಅನ್ನುವುದು ಪ್ರತಿ ವರ್ಷ ಬದಲಾಗುತ್ತದೆ. ಆ ವರ್ಷದ ನಿಯಮ ಪುಸ್ತಕವನ್ನೇ ಓದಿ, ಹೋದ ವರ್ಷದ್ದು ಬೇಡ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಹೊಡೆಯಬಹುದು ಅನ್ನುವ ಪಟ್ಟಿಯೂ ಅದರಲ್ಲೇ ಇರುತ್ತದೆ. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಕನಿಷ್ಠ ಅರ್ಧ ಭಾಗ ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಾಗಿರಬೇಕು. ಟೋಪಿಗೂ ಅದೇ ನಿಯಮ. ಬಣ್ಣ ನೋಡಿ ಜಿಂಕೆ ಓಡಿಹೋಗುತ್ತದೆ ಅಂತ ಹೆದರಬೇಡಿ. ಅದರ ಕಣ್ಣಿಗೆ ಕಿತ್ತಳೆ ಹೀಗೆ ಹೊಳೆದು ಕಾಣುವುದಿಲ್ಲ. ಮನುಷ್ಯರ ಕಣ್ಣಿಗೆ ಕಾಣುತ್ತದೆ, ಬೇಕಾದದ್ದು ಅದೇ.

ಕೋವಿ ಮತ್ತು ಗುರಿ

ಮೊದಲ ಕೋವಿಗೆ ತುಂಬಾ ತಲೆ ಕೆಡಿಸಿಕೊಳ್ಳುವುದು ಬೇಡ. ಒಂದೊಂದೇ ತೋಟಾ ಕೈಯಲ್ಲಿ ಎಳೆದು ತುಂಬುವ ಬೋಲ್ಟ್ ಆ್ಯಕ್ಷನ್ ರೈಫಲ್ ಸಾಕು. .308 ವಿಂಚೆಸ್ಟರ್, .270, 6.5 ಕ್ರೀಡ್‌ಮೋರ್, ಹಳೆಯ .30-06, ಈ ತೋಟಾ ಅಳತೆಗಳೆಲ್ಲ ಜಿಂಕೆಗೆ ಧಾರಾಳವಾದವು. ಭುಜಕ್ಕೆ ಒದೆತ ಕಡಿಮೆ ಬೇಕು ಅನ್ನುವವರು .243 ಅಥವಾ 6.5 ನೋಡಿ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಹೊಡೆಯುವ ದೊಡ್ಡ ಕೋವಿಗಿಂತ ಧೈರ್ಯವಾಗಿ ಹೊಡೆಯುವ ಸಣ್ಣ ಕೋವಿ ಎಷ್ಟೋ ಮೇಲು. ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಾಧಾರಣ ಸ್ಕೋಪ್ ಸಾಕು. ಬೇರೆ ರಾಜ್ಯದಲ್ಲಿದ್ದರೆ ಮಾತ್ರ ಹುಷಾರು. ಒಹಾಯೊದಂಥ ಕಡೆ ನೇರ ಗೋಡೆಯ, ಅಂದರೆ ಬಾಯಿಯ ಹತ್ತಿರ ಕಿರಿದಾಗದ ತೋಟಾದ ರೈಫಲ್‌ಗಷ್ಟೇ ಅವಕಾಶ, ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ.

ತೋಟಾದ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಸೀಸದ ಗುಂಡು ಮಾಂಸದೊಳಗೆ ಕಣ್ಣಿಗೆ ಕಾಣದ ಚೂರುಗಳಾಗಿ ಒಡೆದು, ಗಾಯದಿಂದ ದೂರದವರೆಗೂ ಚೆಲ್ಲುತ್ತದೆ. ಅದು ಮಕ್ಕಳ ತಟ್ಟೆಗೆ ಬರುವುದು ಬೇಡ. ಉಳಿದ ಕರುಳು ತಿನ್ನುವ ಹದ್ದುಗಳಿಗೂ ಅದು ವಿಷ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಲ್ಲಿಸಿದೆ. ತಾಮ್ರದ ಗುಂಡು ಸ್ವಲ್ಪ ದುಬಾರಿ, ಆದರೆ ವರ್ಷಕ್ಕೆ ಒಂದು ಪೆಟ್ಟಿಗೆ ಸಾಕಲ್ವಾ?

ಇನ್ನು ಸ್ಕೋಪ್ ಹೊಂದಿಸುವುದು. ಕಿವಿಗೆ, ಕಣ್ಣಿಗೆ ರಕ್ಷಣೆ ಹಾಕಿಕೊಂಡು, ಮೇಜಿನ ಮೇಲೆ ಮರಳು ಚೀಲಕ್ಕೆ ಕೋವಿ ಒರಗಿಸಿ, ಮೊದಲು 25 ಗಜದಲ್ಲಿ ಶುರು ಮಾಡಿ. ಕಾಗದದ ಮೇಲೆ ಬೀಳುತ್ತಿದೆ ಅಂತ ಗೊತ್ತಾದ ಮೇಲೆ 100 ಗಜಕ್ಕೆ ಹೋಗಿ. ಮೂರು ಈಡು ಹೊಡೆದು, ಮೂರು ತೂತುಗಳ ನಡುಮಧ್ಯ ಎಲ್ಲಿದೆ ನೋಡಿ. ಒಂದೇ ಈಡು ನೋಡಿ ತಿರುಪು ಮುಟ್ಟಬೇಡಿ. ಸಾಮಾನ್ಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲು ಇಂಚು. ಗುಂಡು 2 ಇಂಚು ಎಡಕ್ಕೆ, 3 ಇಂಚು ಕೆಳಗೆ ಬಿದ್ದಿದ್ದರೆ 8 ಕ್ಲಿಕ್ ಬಲಕ್ಕೆ, 12 ಕ್ಲಿಕ್ ಮೇಲಕ್ಕೆ. 25 ಗಜದಲ್ಲಿ ಅದೇ ಕೆಲಸಕ್ಕೆ ನಾಲ್ಕು ಪಟ್ಟು ಕ್ಲಿಕ್ ಬೇಕು, ಮರೆಯಬೇಡಿ. ಕೊಳವೆ ಬಿಸಿಯಾದರೆ ತಣಿಯಲು ಬಿಡಿ. ಬೇಟೆಗೆ ಬಳಸುವ ತೋಟಾದಲ್ಲೇ ಹೊಂದಿಸಿ.

ಇಷ್ಟು ಮಾಡಿ ಬಹಳ ಜನ ಮನೆಗೆ ಹೋಗುತ್ತಾರೆ. ಆದರೆ ಕಾಡಿನಲ್ಲಿ ಮೇಜು ಇರುವುದಿಲ್ಲ. ಜಿಂಕೆಯ ಗುಂಡಿಗೆ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ, ಒಂದು ಸಣ್ಣ ತಟ್ಟೆಯಷ್ಟು. ಕಾಗದದ ತಟ್ಟೆ ನೆಟ್ಟು, ಕೂತು, ಮಂಡಿಯೂರಿ, ಮರಕ್ಕೆ ಒರಗಿ ಹೊಡೆದು ನೋಡಿ. ಐದಕ್ಕೆ ಐದೂ ತಟ್ಟೆಗೆ ಬೀಳುವ ದೂರವೇ ನಿಮ್ಮ ದೂರ. ಮೊದಲ ವರ್ಷ ನನ್ನದು 70 ಗಜ ಇತ್ತು. ಅದರಾಚೆಯ ಜಿಂಕೆಗಳನ್ನು ನೋಡಿಕೊಂಡು ಕೂತಿದ್ದೆ. ಅದೂ ಚೆನ್ನಾಗಿಯೇ ಇತ್ತು.

ಜಾಗ, ಗಾಳಿ, ಮರಸು

ಸ್ವಂತ ಜಮೀನು ಇಲ್ಲದವರಿಗೆ ಎರಡು ದಾರಿ. ಒಂದು ಸರ್ಕಾರಿ ಕಾಡು. ಉತ್ತರದ ಶೆವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯವೇ 15 ಲಕ್ಷ ಎಕರೆಯಷ್ಟಿದೆ. ಇನ್ನೊಂದು, ರೈತರ ಮನೆ ಬಾಗಿಲಿಗೆ ಹೋಗಿ ಕೇಳುವುದು. ಬೇಸಿಗೆಯಲ್ಲೇ ಹೋಗಿ, ಬೇಲಿ ಕೆಲಸಕ್ಕೋ ಹುಲ್ಲು ಎತ್ತುವುದಕ್ಕೋ ಕೈ ಜೋಡಿಸಿ. ನನಗೆ ವಿಸ್ಕಾನ್ಸಿನ್‌ನದೇ ಆದ ಅಯೊವಾ ಕೌಂಟಿಯ ಗುಡ್ಡದಲ್ಲಿ ಜಾಗ ಕೊಟ್ಟ ಯಜಮಾನರು ಹಾಗೇ ಪರಿಚಯವಾದವರು. ಜಿಂಕೆ ಬಗ್ಗೆ ನನಗೆ ಗೊತ್ತಿರುವ ಅರ್ಧಕ್ಕರ್ಧ ಅವರಿಂದ ಬಂದದ್ದು.

ಅಕ್ಟೋಬರ್‌ನಲ್ಲಿ ಎರಡು-ಮೂರು ಸಲ ಕೋವಿ ಇಲ್ಲದೆ ನಡೆದು ಬನ್ನಿ. ಗಂಡು ಕೊಂಬು ಉಜ್ಜಿ ಸಿಪ್ಪೆ ಸುಲಿದ ಎಳೆ ಮರಗಳು, ನೆಲ ಕೆರೆದು ಮೂತ್ರ ಹೊಯ್ದ ಗುರುತುಗಳು, ಓಕ್ ಕಾಯಿ ಬಿದ್ದ ಜಾಗ, ಜೋಳದ ಹೊಲಕ್ಕೂ ಮಲಗುವ ಪೊದೆಗೂ ನಡುವಿನ ಕಾಲುದಾರಿ, ಇವನ್ನು ಹುಡುಕಿ. ಎರಡು ಗುಡ್ಡಗಳ ನಡುವಿನ ತಗ್ಗು ದಾರಿ ಸಿಕ್ಕಿದರೆ ಬಿಡಬೇಡಿ.

ಎಲ್ಲಕ್ಕಿಂತ ದೊಡ್ಡದು ಗಾಳಿ. ಜಿಂಕೆಯ ಕಣ್ಣು ತಪ್ಪಿಸಬಹುದು, ಮೂಗು ತಪ್ಪಿಸಲಾಗದು. ಅದು ಬರುವ ದಿಕ್ಕಿನಿಂದ ನಿಮ್ಮ ಕಡೆಗೆ ಗಾಳಿ ಬೀಸುವಂತೆ ಕೂರಿ. ಗುಡ್ಡಗಾಡಿನಲ್ಲಿ ಬೆಳಿಗ್ಗೆ ಬಿಸಿಲೇರಿದಂತೆ ಗಾಳಿ ಮೇಲಕ್ಕೆ ಹರಿಯುತ್ತದೆ, ಸಂಜೆ ತಣ್ಣಗಾದಂತೆ ಕಣಿವೆಗೆ ಇಳಿಯುತ್ತದೆ. ಹಾಗಾಗಿ ಬೆಳಗಿನ ಜಾಗವೂ ಸಂಜೆಯ ಜಾಗವೂ ಒಂದೇ ಆಗಿರಬೇಕಿಲ್ಲ.

ನಮ್ಮ ಕಡೆ ಮರಸು ಕೂರುವುದು ಅನ್ನುತ್ತಿದ್ದರಲ್ಲ, ಇಲ್ಲಿನದೂ ಅದೇ. ನೆಲದ ಮೇಲೆ ಮರಕ್ಕೆ ಬೆನ್ನು ಕೊಟ್ಟು ಕೂರಬಹುದು, ಇಲ್ಲವೇ ಮರಕ್ಕೆ ಕಟ್ಟಿದ ಅಟ್ಟಣೆ ಏರಬಹುದು. ಏರುವುದಾದರೆ ಮೈಪೂರ್ತಿ ಹಿಡಿಯುವ ಹಾರ್ನೆಸ್ ಹಾಕಿಕೊಂಡು, ಕಾಲು ನೆಲ ಬಿಡುವ ಮೊದಲೇ ಹಗ್ಗಕ್ಕೆ ಸಿಕ್ಕಿಸಿ. ಬೇಟೆಗಾರರ ಕೈಕಾಲು, ಬೆನ್ನು ಮುರಿಯುವುದು ಗುಂಡಿನಿಂದಲ್ಲ, ಹೆಚ್ಚಾಗಿ ಅಟ್ಟಣೆಯಿಂದ ಬಿದ್ದು. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹತ್ತಬೇಡಿ. ತೋಟಾ ತೆಗೆದು, ಕೊಳವೆ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ, ಮೇಲೆ ಕೂತ ನಂತರ ಎಳೆದುಕೊಳ್ಳಿ.

ಚಳಿ ಜೋರಾಗಿರುತ್ತದೆ, ಮೈನಸ್ 10 ಡಿಗ್ರಿಯೂ ಆಗಬಹುದು. ಉಣ್ಣೆಯ ಒಳಬಟ್ಟೆ ಹಾಕಿ. ನಡೆಯುವಾಗ ದಪ್ಪ ಕೋಟು ಹಾಕದೆ, ಕೂತ ಮೇಲೆ ಹಾಕಿಕೊಳ್ಳಿ. ಬೆವರು ಬಂದರೆ ಒಂದು ಗಂಟೆಯಲ್ಲಿ ನಡುಗುತ್ತೀರಿ.

ಈಡು

ಜಿಂಕೆ ಬಂತು. ಎದೆ ಡವಡವ ಅನ್ನುತ್ತದೆ. ಹತ್ತು ವರ್ಷವಾದರೂ ನನಗೆ ಅದು ನಿಂತಿಲ್ಲ, ನಿಲ್ಲುವುದೂ ಬೇಡ. ಉಸಿರು ಬಿಡಿ, ನೋಡಿ.

ಅದು ನಿಮಗೆ ಪೂರ್ತಿ ಪಕ್ಕೆ ತೋರಿಸಿ ನಿಂತಿರಬೇಕು. ಮುಂಗಾಲಿನ ಹಿಂಬದಿಯ ಗೆರೆಯನ್ನೇ ಮೇಲಕ್ಕೆ ಹಿಡಿದು, ಎದೆಯ ಕೆಳ ಅಂಚಿನಿಂದ ಮೂರನೇ ಒಂದು ಭಾಗ ಎತ್ತರಕ್ಕೆ ಗುರಿ ಇಡಿ. ಸ್ವಲ್ಪ ಆಚೆ ತಿರುಗಿ ನಿಂತಿದ್ದರೆ, ಆಚೆ ಬದಿಯ ಮುಂಗಾಲಿನಿಂದ ಗುಂಡು ಹೊರಬರುವಂತೆ ಲೆಕ್ಕ ಹಾಕಿ. ಎದುರಾಗಿ ನಿಂತದ್ದು, ಬೆನ್ನು ತೋರಿಸಿ ಹೋಗುತ್ತಿರುವುದು, ಓಡುತ್ತಿರುವುದು, ಇವುಗಳಿಗೆ ಹೊಡೆಯಬೇಡಿ. ತಲೆಗಂತೂ ಬೇಡವೇ ಬೇಡ. ದವಡೆ ಮುರಿದುಕೊಂಡು ದಿನಗಟ್ಟಲೆ ನರಳುವ ಪ್ರಾಣಿಯ ನೋವಿಗೆ ನೀವು ಕಾರಣರಾಗುತ್ತೀರಿ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಯನ್ನೂ ಬಿಟ್ಟುಬಿಡಿ. ಅದರ ಹಿಂದೆ ಏನಿದೆ ನಿಮಗೆ ಗೊತ್ತಿಲ್ಲ. ಗುಂಡು ಮೈಲಿಗಟ್ಟಲೆ ಹೋಗಬಲ್ಲದು.

ಎಲ್ಲ ಸರಿಯಿದ್ದರೆ ಸುರಕ್ಷತಾ ಗುಂಡಿ ಸರಿಸಿ, ಅರ್ಧ ಉಸಿರು ಬಿಟ್ಟು, ಟ್ರಿಗರ್ ಅನ್ನು ಮೆಲ್ಲಗೆ ಹಿಂಡಿ. ಎಳೆಯಬೇಡಿ. ಹೊಡೆದ ತಕ್ಷಣ ಬೋಲ್ಟ್ ಎಳೆದು ಇನ್ನೊಂದು ತೋಟಾ ತುಂಬಿ, ಜಿಂಕೆಯ ಮೇಲೇ ಕಣ್ಣಿಡಿ. ನಿಂತಿದ್ದ ಜಾಗ, ಕೊನೆಗೆ ಕಂಡ ಮರ, ಎರಡನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ.

ಈಗ ಕಾಯಿರಿ. ಅಲ್ಲೇ ಬಿದ್ದು ಅಲುಗದೆ ಇದ್ದರೆ ಸರಿ. ಓಡಿ ಮರೆಯಾಗಿದ್ದರೆ ಗಡಿಯಾರ ನೋಡಿ ಅರ್ಧ ಗಂಟೆ ಕೂರಿ. ಶ್ವಾಸಕೋಶಕ್ಕೆ ಬಿದ್ದ ಜಿಂಕೆ ನೂರು ಗಜದವರೆಗೂ ಓಡಿ ಬೀಳುತ್ತದೆ. ಅರ್ಧ ಗಂಟೆಯ ನಂತರ ಹೋಗಿ ರಕ್ತ ನೋಡಿ. ತಿಳಿ ಕೆಂಪಗೆ, ನೊರೆ ನೊರೆಯಾಗಿದ್ದರೆ ಶ್ವಾಸಕೋಶ. ಹೋಗಿ, ಹತ್ತಿರದಲ್ಲೇ ಇರುತ್ತದೆ. ಕಡು ಕೆಂಪಾಗಿದ್ದರೆ ಲಿವರ್, ಮೂರು-ನಾಲ್ಕು ಗಂಟೆ ಬಿಡಬೇಕು. ಹಸಿರು ಬಣ್ಣ, ಮೇವಿನ ಚೂರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಎಂಟು ಗಂಟೆಯಾದರೂ ಬಿಡಬೇಕು.

ನನ್ನ ಎರಡನೇ ವರ್ಷ ಈಡು ಒಂದು ಗೇಣು ಹಿಂದೆ ಬಿತ್ತು. ಹಸಿರು ನೋಡಿದೆ. ಆದರೂ ತಡೆಯಲಾಗದೆ ಹಿಂದೆಯೇ ಹೋದೆ. ನೂರೈವತ್ತು ಗಜದಲ್ಲಿ ಮಲಗಿದ್ದ ಹೆಣ್ಣು ನನ್ನ ಸದ್ದಿಗೆ ಎದ್ದು ಹೋಯಿತು. ಕತ್ತಲಾಯಿತು. ಮರುದಿನ ಬೆಳಿಗ್ಗೆ ಹಳ್ಳದಾಚೆ ಸಿಕ್ಕಿತು. ಕಯೋಟಿಗಳು ಹಿಂಬದಿಯನ್ನೆಲ್ಲ ತಿಂದಿದ್ದವು. ಅಲ್ಲೇ ಕಾದಿದ್ದರೆ ಅದು ಮಲಗಿದ ಜಾಗದಲ್ಲೇ ಸಾಯುತ್ತಿತ್ತು. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ರಕ್ತದ ಪ್ರತಿ ಗುರುತಿಗೂ ಒಂದು ಚೂರು ಟಿಶ್ಯೂ ಕಾಗದ ಹಾಕುತ್ತಾ ಹೋಗಿ. ಜಾಡು ತಪ್ಪಿದಾಗ ಹಿಂದೆ ತಿರುಗಿ ನೋಡಿದರೆ ದಿಕ್ಕು ಕಾಣುತ್ತದೆ. ಬಿದ್ದ ಜಿಂಕೆಯ ಹತ್ತಿರ ಬೆನ್ನಿನ ಕಡೆಯಿಂದ ಹೋಗಿ, ಉದ್ದನೆಯ ಕೋಲಿನಿಂದ ಕಣ್ಣು ಮುಟ್ಟಿ. ರೆಪ್ಪೆ ಅಲುಗದಿದ್ದರೆ ಪ್ರಾಣ ಹೋಗಿದೆ. ಕೋವಿಯ ತೋಟಾ ತೆಗೆದು ಬದಿಗಿಡಿ. ಒಂದು ನಿಮಿಷ ಕೈ ಮುಗಿದು ನಿಲ್ಲಬೇಕು ಅನ್ನಿಸಿದರೆ ನಿಲ್ಲಿ. ನಾನು ನಿಲ್ಲುತ್ತೇನೆ.

ಹೊಟ್ಟೆ ಬಿಡಿಸುವುದು

ಇಲ್ಲಿಂದ ಗಡಿಯಾರ ಉಲ್ಟಾ. ಮೈಯ ಬಿಸಿಯೇ ಮಾಂಸವನ್ನು ಕೆಡಿಸುವುದು. ನಾಲ್ಕು ಇಂಚು ಅಲಗಿನ ಹರಿತವಾದ ಚೂರಿ, ರಬ್ಬರ್ ಗ್ಲೌಸ್, ಹಗ್ಗ, ಎರಡು ಪ್ಲಾಸ್ಟಿಕ್ ಚೀಲ ಇಷ್ಟು ಸಾಕು. ದೊಡ್ಡ ಮಚ್ಚು ಬೇಡ.

ಜಿಂಕೆಯನ್ನು ಬೆನ್ನಿನ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತರಕ್ಕಿರಲಿ. ಹಿಂಗಾಲಿನ ಒಳಬದಿಯ ಕಂದು ಕೂದಲಿನ ಗ್ರಂಥಿಗಳನ್ನು ಮುಟ್ಟಬೇಡಿ. ಆ ವಾಸನೆ ಕೈಯಿಂದ ಮಾಂಸಕ್ಕೆ ಹತ್ತುತ್ತದೆ. ಮೊದಲು ಗುದದ್ವಾರದ ಸುತ್ತ ಚೂರಿಯ ತುದಿಯಿಂದ ಆಳವಾಗಿ ಬಿಡಿಸಿ, ದಾರದಿಂದ ಬಿಗಿಯಾಗಿ ಕಟ್ಟಿ.

ಆಮೇಲೆ ಎದೆಮೂಳೆ ಮುಗಿಯುವಲ್ಲಿ ಚರ್ಮವನ್ನು ಚಿವುಟಿ ಎತ್ತಿ ಸಣ್ಣ ತೂತು ಮಾಡಿ. ಎರಡು ಬೆರಳು ಒಳಗೆ ಹಾಕಿ ಚರ್ಮವನ್ನು ಮೇಲಕ್ಕೆತ್ತಿ ಹಿಡಿದು, ಆ ಬೆರಳುಗಳ ನಡುವೆ ಚೂರಿಯ ಬಾಯಿ ಮೇಲ್ಮುಖವಾಗಿಟ್ಟು, ಬಾಲದ ಕಡೆಗೆ ಮೆಲ್ಲಗೆ ಸೀಳುತ್ತಾ ಹೋಗಿ. ಈ ಒಂದು ಹಂತದಲ್ಲಿ ಅವಸರ ಬೇಡ. ಬೆರಳು ಕೆಳಗೆ ಹೊಟ್ಟೆಯನ್ನೂ ಕರುಳನ್ನೂ ಒತ್ತಿ ಹಿಡಿದಿರುತ್ತದೆ, ಚೂರಿ ಬರೀ ಚರ್ಮ ಮತ್ತು ತೆಳು ಮಾಂಸವನ್ನು ಕತ್ತರಿಸುತ್ತದೆ. ಜಠರಕ್ಕೆ ತೂತಾದರೆ ಮಾಂಸಕ್ಕೆಲ್ಲ ಹುಳಿ ವಾಸನೆ.

ಹೊಟ್ಟೆ ತೆರೆದ ಮೇಲೆ ಎದೆಗೂಡಿಗೂ ಹೊಟ್ಟೆಗೂ ನಡುವಿನ ತೆಳು ಪೊರೆ ಕಾಣುತ್ತದೆ, ಅದೇ ವಪೆ. ಅದನ್ನು ಪಕ್ಕೆಲುಬಿನ ಗುಂಟ ಸುತ್ತಲೂ ಕತ್ತರಿಸಿ. ಅಂಗಿಯ ತೋಳು ಮಡಚಿ, ಎದೆಯೊಳಗೆ ಮೊಣಕೈವರೆಗೂ ಕೈ ಹಾಕಿ, ಶ್ವಾಸನಾಳವನ್ನು ಆದಷ್ಟು ಮೇಲೆ ಹಿಡಿಯಿರಿ. ಇನ್ನೊಂದು ಕೈಯ ಚೂರಿಯಿಂದ ಅದರಾಚೆ ಕತ್ತರಿಸಿ. ಚೂರಿ ಕಣ್ಣಿಗೆ ಕಾಣುವುದಿಲ್ಲ, ನಿಮ್ಮ ಬೆರಳನ್ನೇ ಕೊಯ್ದುಕೊಳ್ಳಬೇಡಿ. ಈಗ ಶ್ವಾಸನಾಳ ಹಿಡಿದು ಹಿಂದಕ್ಕೆ ಎಳೆದರೆ ಗುಂಡಿಗೆ, ಶ್ವಾಸಕೋಶ, ಲಿವರ್, ಹೊಟ್ಟೆ, ಕರುಳು ಎಲ್ಲ ಒಟ್ಟಿಗೇ ಬರುತ್ತದೆ. ಬೆನ್ನಿಗೆ ಅಂಟಿದ ಕಡೆ ಚೂರಿ ತಾಗಿಸಿ. ಮೂತ್ರಕೋಶದ ಕುತ್ತಿಗೆಯನ್ನು ಬೆರಳಲ್ಲಿ ಬಿಗಿ ಹಿಡಿದು ಕತ್ತರಿಸಿ ದೂರ ಎಸೆಯಿರಿ. ಕೊನೆಗೆ ಬೋರಲು ಹಾಕಿ ರಕ್ತ ಬಸಿಯಲು ಬಿಡಿ.

ಗುಂಡಿಗೆ, ಲಿವರ್ ಚೀಲಕ್ಕೆ ಹಾಕಿ. ಲಿವರ್ ನಯವಾಗಿ, ಚುಕ್ಕೆ-ಗಂಟು ಇಲ್ಲದೆ ಇರಬೇಕು. ಇಲ್ಲದಿದ್ದರೆ ಬಿಡಿ.

ಬೇಟೆಯನ್ನು ನೋಂದಾಯಿಸುವುದು ಮರೆಯಬೇಡಿ. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಕೈಗೆ ಸಿಕ್ಕಿದ ಮರುದಿನ ಸಂಜೆ 5 ಗಂಟೆಯೊಳಗೆ ಫೋನ್ ಅಥವಾ ಇಂಟರ್ನೆಟ್ ಮೂಲಕ ಮಾಡಬೇಕು. ಬೇರೆ ಕೆಲವು ರಾಜ್ಯಗಳಲ್ಲಿ ಜಿಂಕೆ ಬಿದ್ದ ಜಾಗದಲ್ಲೇ ಕಾಗದದ ಟ್ಯಾಗ್ ಕಟ್ಟಬೇಕು.

ತಣಿಸುವುದು, ಪರೀಕ್ಷೆ ಮಾಡಿಸುವುದು

ಮಾಂಸ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬರಬೇಕು. ನವೆಂಬರ್ ಕೊನೆಯಲ್ಲಿ ಗ್ಯಾರೇಜೇ ಫ್ರಿಜ್ ಇದ್ದಂತೆ. ಎದೆಗೂಡಿಗೆ ಒಂದು ಕೋಲು ಅಡ್ಡ ಕೊಟ್ಟು ತೆರೆದಿಟ್ಟು ನೇತು ಹಾಕಿ. ಹೊರಗೆ 10 ಡಿಗ್ರಿಗಿಂತ ಜಾಸ್ತಿ ಇದ್ದರೆ ಎದೆಯೊಳಗೆ ಐಸ್ ಚೀಲ ತುಂಬಿ, ಬೇಗ ಚರ್ಮ ಸುಲಿದು, ಕಾಲುಗಳನ್ನು ಬಿಡಿಸಿ ಐಸ್ ಪೆಟ್ಟಿಗೆಗೆ ಹಾಕಿ. ತಣ್ಣಗಿದ್ದರೆ ಎರಡರಿಂದ ಐದು ದಿನ ಹಾಗೇ ನೇತಾಡಲಿ. ಸತ್ತ ಮೇಲೆ ಸ್ನಾಯು ಸೆಟೆದುಕೊಳ್ಳುತ್ತದೆ. ಅದು ಸಡಿಲವಾಗುವ ಮೊದಲೇ ಮೂಳೆಯಿಂದ ಬಿಡಿಸಿದರೆ ಮಾಂಸ ರಬ್ಬರಿನಂತಾಗುತ್ತದೆ.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜಿಂಕೆಗಳಿಗೆ ಸೊರಗು ರೋಗ ಬರುತ್ತದೆ, ಇಲ್ಲಿ ಸಿಡಬ್ಲ್ಯುಡಿ ಅನ್ನುತ್ತಾರೆ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುವ ಮೆದುಳಿನ ರೋಗ ಇದು. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಮೌಂಟ್ ಹೋರೆಬ್ ಊರಿನ ಹತ್ತಿರ ಮೊದಲು ಪತ್ತೆಯಾಯಿತು. ನಾನು ಬೇಟೆಗೆ ಹೋಗುವ ಗುಡ್ಡಗಳು ಅದೇ ಸೀಮೆ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ. ಆದರೆ ರೋಗ ಇರುವ ಜಿಂಕೆಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತದೆ. ಎಷ್ಟು ಬೇಯಿಸಿದರೂ ಪ್ರಿಯಾನ್ ಸಾಯುವುದಿಲ್ಲ. ನೋಡಲು ಆರೋಗ್ಯವಾಗಿರುವ ಜಿಂಕೆಯಲ್ಲೂ ರೋಗ ಇರಬಹುದು.

ಆದ್ದರಿಂದ ನಾಲ್ಕು ಇಂಚಿನಷ್ಟು ಕುತ್ತಿಗೆ ಸಮೇತ ತಲೆಯನ್ನು ಬೇರ್ಪಡಿಸಿ, ಇಲಾಖೆ ಇಟ್ಟಿರುವ ಸಂಗ್ರಹ ಪೆಟ್ಟಿಗೆಗೆ ಹಾಕಿ. ಗಂಟಲಿನ ಗ್ರಂಥಿಯನ್ನು ಪರೀಕ್ಷಿಸುತ್ತಾರೆ, ಹಣ ಇಲ್ಲ. ಫಲಿತಾಂಶಕ್ಕೆ ವಾರ-ಎರಡು ವಾರ ಆಗಬಹುದು. ಅಲ್ಲಿಯವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ, ಅಡುಗೆಮನೆಗೆ ಬರುವುದು ಬೇಡ. ಗುಂಡಿಗೆ, ಲಿವರ್ ಕೂಡ ಕಾಯಲಿ. ಇದು ಕೊನೆಯ ಕಾಯುವಿಕೆ.

ಚರ್ಮ ಸುಲಿದು ಖಂಡ ಮಾಡುವುದು

ಮೊದಲ ವರ್ಷ ನನ್ನ ಜಿಂಕೆಯನ್ನು ಮಾಂಸ ಮಾಡಿಕೊಡುವ ಅಂಗಡಿಗೆ ಕೊಟ್ಟಿದ್ದೆ. ಪೊಟ್ಟಣಗಳಲ್ಲಿ ಕೂದಲು, ಮೂಳೆ ಪುಡಿ ಇತ್ತು. ಅಷ್ಟು ಮಾಂಸ ನನ್ನ ಜಿಂಕೆಯದೇ ಅಂತ ಹೇಳುವವರೂ ಇರಲಿಲ್ಲ. ಮರುವರ್ಷದಿಂದ ಗ್ಯಾರೇಜಿನಲ್ಲಿ ನಾನೇ ಮಾಡುತ್ತೇನೆ. ಒಂದು ದಿನದ ಕೆಲಸ. ಮನೆಯವರು, ಗೆಳೆಯರು ಸೇರಿದರೆ ಮಧ್ಯಾಹ್ನಕ್ಕೆ ಮುಗಿಯುತ್ತದೆ.

ಹಿಂಗಾಲಿನ ಮಂಡಿಯ ಹಿಂದಿನ ದಪ್ಪ ನರಕ್ಕೂ ಮೂಳೆಗೂ ನಡುವೆ ಅಡ್ಡಕೋಲು ತೂರಿಸಿ ತಲೆಕೆಳಗಾಗಿ ನೇತು ಹಾಕಿ. ಮಂಡಿಯ ಸುತ್ತ ಚರ್ಮ ಕೊಯ್ದು, ತೊಡೆಯ ಒಳಬದಿಯಿಂದ ಹೊಟ್ಟೆಯ ಸೀಳಿನವರೆಗೆ ಗೆರೆ ಹಾಕಿ. ಚೂರಿಯನ್ನು ಯಾವಾಗಲೂ ಒಳಗಿನಿಂದ ಹೊರಕ್ಕೆ ಓಡಿಸಿ. ಹೊರಗಿನಿಂದ ಒತ್ತಿದರೆ ಕತ್ತರಿಸಿದ ಕೂದಲೆಲ್ಲ ಮಾಂಸಕ್ಕೆ ಅಂಟುತ್ತದೆ. ಆಮೇಲೆ ಚರ್ಮ ಹಿಡಿದು ಕೆಳಕ್ಕೆ ಎಳೆಯಿರಿ. ನಡುವೆ ಮುಷ್ಟಿಯನ್ನು ತೂರಿಸಿ ಒತ್ತಿದರೆ ಸುಲಭವಾಗಿ ಬಿಡುತ್ತದೆ. ಊರಲ್ಲಿ ಕುರಿ ಸುಲಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಗರಗಸ ಬೇಡ. ಸೊರಗು ರೋಗದ ಸೀಮೆಯಲ್ಲಿ ಬೆನ್ನುಮೂಳೆ ಕೊಯ್ಯಲೇಬಾರದು. ಇಡೀ ಜಿಂಕೆಯನ್ನು ಚೂರಿಯೊಂದರಲ್ಲೇ ಬಿಡಿಸಬಹುದು. ಮುಂಗಾಲು ಎತ್ತಿ ಹಿಡಿದು ಪಕ್ಕೆಲುಬಿಗೂ ಅದಕ್ಕೂ ನಡುವೆ ಕೊಯ್ಯುತ್ತಾ ಹೋಗಿ. ಅಲ್ಲಿ ಕೀಲೇ ಇಲ್ಲ, ಬರೀ ಮಾಂಸ. ತಾನಾಗಿ ಕೈಗೆ ಬರುತ್ತದೆ.

ಬೆನ್ನುಮೂಳೆಯ ಎರಡೂ ಬದಿಗೆ ಉದ್ದಕ್ಕೆ ಮಲಗಿರುವ ಖಂಡಕ್ಕೆ ಬ್ಯಾಕ್‌ಸ್ಟ್ರಾಪ್ ಅನ್ನುತ್ತಾರೆ. ಜಿಂಕೆಯಲ್ಲೇ ಉತ್ತಮವಾದ ಮಾಂಸ ಅದು. ಮೂಳೆಗೆ ಚೂರಿಯನ್ನು ಒರೆಸಿಕೊಂಡು ಸೊಂಟದಿಂದ ಕುತ್ತಿಗೆವರೆಗೆ ಕೊಯ್ದು, ಪಕ್ಕೆಲುಬಿನ ಮೇಲಿಂದ ಸುಲಿದು ತೆಗೆಯಿರಿ. ಹೊಟ್ಟೆಯ ಗೂಡಿನ ಒಳಗೆ, ಸೊಂಟದ ಹತ್ತಿರ, ಬೆನ್ನಿಗೆ ಅಂಟಿಕೊಂಡು ಎರಡು ಸಣ್ಣ ಮೃದು ಖಂಡಗಳಿರುತ್ತವೆ. ಬೆರಳಲ್ಲೇ ಬಿಡಿಸಬಹುದು. ಅವು ಬೇಗ ಒಣಗುವುದರಿಂದ ಮೊದಲು ತೆಗೆಯಿರಿ. ಹಿಂದೊಡೆಯನ್ನು ಒಳಬದಿಯಿಂದ ಕೊಯ್ಯುತ್ತಾ ಹೋದರೆ ಸೊಂಟದ ಉರುಟು ಕೀಲು ಸಿಗುತ್ತದೆ. ಚೂರಿಯ ತುದಿಯಿಂದ ಕೀಲಿನ ನರ ಕತ್ತರಿಸಿದರೆ ಇಡೀ ತೊಡೆ ಕಳಚಿಕೊಳ್ಳುತ್ತದೆ. ಕುತ್ತಿಗೆಯ ಮಾಂಸವನ್ನು ಬಿಡಿಸಿ ಖೀಮಾಕ್ಕೆ ಹಾಕಿ.

ಮೇಜಿನ ಮೇಲೆ ತೊಡೆಯನ್ನಿಟ್ಟು ನೋಡಿ. ಒಂದೊಂದು ಸ್ನಾಯುವಿನ ನಡುವೆಯೂ ಬಿಳಿ ಗೆರೆ ಇದೆ. ಆ ಗೆರೆಯಲ್ಲಿ ಬೆರಳಾಡಿಸಿದರೆ ತುಂಡುಗಳು ತಾವೇ ಬೇರೆಯಾಗುತ್ತವೆ. ತೊಡೆಯ ನಡುವೆ ನೆಣದೊಳಗೆ ಗೋಲಿಯಂಥ ಬೂದು ಗ್ರಂಥಿ ಸಿಗುತ್ತದೆ, ತೆಗೆದು ಬಿಸಾಡಿ. ಮಾಂಸದ ಮೇಲಿನ ಹೊಳೆಯುವ ಬೆಳ್ಳಿ ಪೊರೆ ಎಷ್ಟು ಬೇಯಿಸಿದರೂ ಅಗಿಯಲಾಗದು, ಅದನ್ನೂ ಸುಲಿಯಿರಿ. ನೆಣ ಪೂರ್ತಿ ತೆಗೆಯಿರಿ. ಕುರಿಯ ನೆಣದ ಹಾಗಲ್ಲ ಇದು. ಮೇಣದಂತೆ ಅಂಗುಳಿಗೆ ಅಂಟುತ್ತದೆ, 'ಕಾಡು ವಾಸನೆ' ಅಂತ ಜನ ದೂರುವುದರಲ್ಲಿ ಹೆಚ್ಚಿನದು ಈ ನೆಣದ್ದು. ಗುಂಡು ಬಿದ್ದು ಹೆಪ್ಪುಗಟ್ಟಿದ ಮಾಂಸವನ್ನು ಕೈಯಗಲ ಬಿಟ್ಟು ಕತ್ತರಿಸಿ ಹಾಕಿ. ಸಾಧಾರಣ ಹೆಣ್ಣು ಜಿಂಕೆಯಿಂದ ಮೂಳೆಯಿಲ್ಲದ ಮಾಂಸ 20 ಕಿಲೋ ಆಸುಪಾಸು ಸಿಗುತ್ತದೆ.

ಒಂದು ಹೊತ್ತಿಗೆ ಬೇಕಾದಷ್ಟೇ ಪೊಟ್ಟಣ ಕಟ್ಟಿ. ಗಾಳಿ ಎಳೆಯುವ ಯಂತ್ರ ಇದ್ದರೆ ಉತ್ತಮ. ಯಾವ ಭಾಗ, ಯಾವ ದಿನ, ಯಾವ ಜಿಂಕೆ ಅಂತ ಬರೆಯಿರಿ. ಪರೀಕ್ಷೆಯಲ್ಲಿ ರೋಗ ಬಂದರೆ ಯಾವುದನ್ನು ಎಸೆಯಬೇಕು ಅಂತ ಗೊತ್ತಾಗಬೇಕಲ್ಲ. ಇಡೀ ತುಂಡುಗಳು ಒಂದು ವರ್ಷ ಚೆನ್ನಾಗಿರುತ್ತವೆ. ಖೀಮಾವನ್ನು ನಾಲ್ಕು ತಿಂಗಳಲ್ಲಿ ಮುಗಿಸಿ.

ಒಲೆ ಮೇಲೆ

ಬ್ಯಾಕ್‌ಸ್ಟ್ರಾಪ್ ಅನ್ನು ಸಾರಿಗೆ ಹಾಕಿ ಹಾಳು ಮಾಡಬೇಡಿ. ಎರಡು ಬೆರಳು ದಪ್ಪದ ಬಿಲ್ಲೆ ಮಾಡಿ, ಉಪ್ಪು, ಕುಟ್ಟಿದ ಕಾಳುಮೆಣಸು ಹಚ್ಚಿ, ಕಾದ ಕಬ್ಬಿಣದ ಕಾವಲಿಯಲ್ಲಿ ತುಪ್ಪ ಹಾಕಿ ಎರಡೂ ಬದಿ ಎರಡೆರಡು ನಿಮಿಷ. ಒಳಗೆ ನಸುಗೆಂಪು ಉಳಿದರೆ ಮೃದುವಾಗಿರುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ ಮಾತ್ರ ಪೂರ್ತಿ ಬೇಯಿಸಿ. ಖೀಮಾ ಯಾರಿಗೇ ಆದರೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು.

ಮೊಣಕಾಲಿನ ಕೆಳಗಿನ ಗಟ್ಟಿ ಮಾಂಸವನ್ನು ಇಲ್ಲಿ ಹಲವರು ಎಸೆಯುತ್ತಾರೆ. ನನಗೆ ಅದೇ ಇಷ್ಟ. ಕಾಳುಮೆಣಸು, ಕೊತ್ತಂಬರಿ, ಜೀರಿಗೆ, ಚಿಟಿಕೆ ಸಾಸಿವೆ-ಮೆಂತ್ಯ ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನ ಜೊತೆ ಮಾಂಸ ಬಾಡಿಸಿ, ಸ್ವಲ್ಪವೇ ನೀರು ಹಾಕಿ ಕುಕ್ಕರ್ ಮುಚ್ಚಿ. ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 40 ನಿಮಿಷ ಬಿಡಿ. ಕೊಡಗಿನ ಪಂದಿ ಕರಿಯಲ್ಲಿರುವಂತೆ ಇದರಲ್ಲಿ ಹಂದಿಯ ನೆಣ ಇಲ್ಲವಲ್ಲ, ಎರಡು ಚಮಚ ತುಪ್ಪ ಜಾಸ್ತಿ ಹಾಕಿ. ಕುಕ್ಕರ್ ತೆರೆದ ಮೇಲೆ ಹುರಿದ ಪುಡಿ, ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಮಸಾಲೆ ಮಾಂಸಕ್ಕೆ ಹಿಡಿಯುವವರೆಗೆ ಕುದಿಸಿ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಅಕ್ಕಿರೊಟ್ಟಿ ಸುಡಿ, ಮೊದಲ ತಟ್ಟೆಯನ್ನು ಜಾಗ ಕೊಟ್ಟ ರೈತರ ಮನೆಗೆ ಕಳಿಸಿ.